ಮಳೆಗಾಲದ ಕಡಲಿನ ಹಕ್ಕಿಗಳು

ಮಳೆಗಾಲದ ಕಡಲನ್ನು ವರ್ಣಿಸುವ ಪದ್ಯಗಳನ್ನು ನಾನು ಮೂವತ್ತು ವರ್ಷ ಪಾಠ ಹೇಳಿದವನು. ಕಾರ್ಮುಗಿಲು, ಉಕ್ಕುವ ತೆರೆ, ಅದರ ಮೇಲೆ ಚೀರುತ್ತ ಸುಳಿಯುವ ಬಿಳಿಯ ಕಡಲಹಕ್ಕಿ, ಈ ಮೂರೂ ಒಟ್ಟಿಗೇ ಇರತಕ್ಕವೆಂದು ನಂಬಿದ್ದೆ. ಕುಂದಾಪುರದ ಕಡೆ ಅಧ್ಯಾಪಕನಾಗಿದ್ದಾಗ, 1992ರ ಜುಲೈ ತಿಂಗಳಲ್ಲಿ, ಹಿಂದಿನ ಬೆಂಚಿನಿಂದ ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು, “ಮಳೆಗಾಲದಲ್ಲಿ ಆ ಹಕ್ಕಿ ಇರುವುದಿಲ್ಲ ಸಾರ್” ಎಂದ. ತರಗತಿ ನಕ್ಕಿತು. ಕಾವ್ಯಸತ್ಯ ಬೇರೆ, ಲೋಕಸತ್ಯ ಬೇರೆ ಎಂದು ಎರಡು ಮಾತು ಹೇಳಿ ಅವನನ್ನು ಕೂರಿಸಿಬಿಟ್ಟೆ. ಅವನು ಮತ್ತೆಂದೂ ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ನಿವೃತ್ತನಾದ ಮೇಲೆ ಕೊಡೆಯನ್ನೂ ದುರ್ಬೀನನ್ನೂ ಹಿಡಿದು, ಪಂಚಗಂಗಾವಳಿ ಕಡಲನ್ನು ಸೇರುವ ಅಳಿವೆಗೆ ಕೋಡಿಯ ಮಗ್ಗುಲಿನಿಂದ ಹೋಗತೊಡಗಿದೆ. ಕೊಡೆ ಗಾಳಿಗೆ ಮಗುಚಿಕೊಳ್ಳುತ್ತಿತ್ತು. ದುರ್ಬೀನಿನ ಗಾಜಿಗೆ ಮಂಜು ಕಟ್ಟುತ್ತಿತ್ತು. ಜೂನ್ ಹೋಯಿತು, ಜುಲೈ ಹೋಯಿತು. ಗರುಡ ಕಂಡಿತು, ಬೆಳ್ಳಕ್ಕಿ ಕಂಡಿತು, ಕಾಗೆಯಂತೂ ಇದ್ದೇ ಇತ್ತು. ಕಡಲಹಕ್ಕಿ ಮಾತ್ರ ಒಂದೂ ಇಲ್ಲ.

ಮಳೆಗೆ ಹೆದರಿ ಅವು ಓಡಿಹೋದವೆಂದು ತಿಳಿಯಬೇಡಿ. ನಮ್ಮಲ್ಲಿ ಚಳಿಗಾಲದಲ್ಲಿ ಕಾಣುವ ಕಂದುತಲೆಯ ಕಡಲಹಕ್ಕಿಗೆ ಇಲ್ಲಿರುವಾಗ ತಲೆ ಬೆಳ್ಳಗೆ, ಕಣ್ಣಿನ ಹಿಂದೆ ಮಸಿಯ ಬೊಟ್ಟಿಟ್ಟಂತೆ ಒಂದು ಗುರುತು. ಮಾರ್ಚಿ ತಿಂಗಳ ಹೊತ್ತಿಗೆ ಅದೇ ತಲೆಗೆ ಕಂದು ಕುಲಾವಿ ಮೂಡುತ್ತದೆ. ಅದು ಪ್ರಯಾಣದ ಸೂಚನೆ. ನಮ್ಮ ಕರಾವಳಿಯಲ್ಲಿ ಮಳೆ ಹೊಯ್ಯುವಾಗ ಅವು ಟಿಬೆಟ್ಟಿನಲ್ಲಿಯೋ ಲಡಾಖಿನಲ್ಲಿಯೋ, ಸುಮಾರು 4,500 ಮೀಟರ್ ಎತ್ತರದ ತ್ಸೊ ಮೊರಿರಿಯಂಥ ಸರೋವರಗಳ ದಡದಲ್ಲಿ, ಮರಿಗಳನ್ನು ಸಾಕುತ್ತಿರುತ್ತವೆ. ಕಡಲಹಕ್ಕಿ ಎಂಬ ನಮ್ಮ ಹೆಸರೇ ಅರ್ಧ ಸತ್ಯ!

ಆದರೆ ಮಳೆಯ ತೀರ ಬರಿದಾಗಿರಲಿಲ್ಲ. ಒಂದು ಬೆಳಿಗ್ಗೆ, ಭರತದ ನೀರು ಕೆಸರನ್ನೆಲ್ಲ ಮುಚ್ಚಿದಾಗ, ಉಳಿದ ಮರಳಿನ ದಿಬ್ಬದ ಮೇಲೆ ಹನ್ನೊಂದು ಪುಟ್ಟ ಗೊರವಗಳು ನಿಂತಿದ್ದವು. ಮರಳಿನದೇ ಬಣ್ಣ, ಒಂದು ಕದಲದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಎಲ್ಲವೂ ಗಾಳಿಗೆ ಎದುರಾಗಿ ಮುಖ ಮಾಡಿದ್ದವು. ಬೆನ್ನು ಕೊಟ್ಟರೆ ಗರಿ ಕೆದರಿ ಮೈಗೆ ನೀರು ಇಳಿಯುತ್ತದೆ. ಕೊಡೆ ಹಿಡಿದ ನಾನೋ ಗಾಳಿಗೆ ಬೆನ್ನು ಮಾಡಿ ನಿಂತಿದ್ದೆ.

ಇವೂ ವಲಸೆಯ ಹಕ್ಕಿಗಳೇ. ಹಿರಿಯವು ಉತ್ತರಕ್ಕೆ ಹೋದ ಮೇಲೆ ಇವೇಕೆ ಉಳಿದವು? ಬಲ್ಲವರ ಗ್ರಂಥಗಳನ್ನು ನೋಡಿದೆ. ಹೀಗೆ ಉಳಿಯುವವುಗಳಲ್ಲಿ ಹೆಚ್ಚಿನವು ಹಿಂದಿನ ವರ್ಷ ಹುಟ್ಟಿದ ಮರಿಗಳು. ಸಂಸಾರ ಹೂಡುವ ವಯಸ್ಸು ಇನ್ನೂ ಬಂದಿರುವುದಿಲ್ಲ. ಅಷ್ಟು ದೂರ ಹಾರುವ ಅಗತ್ಯವೂ ಇಲ್ಲ. ತಮ್ಮ ಮೊದಲ ಮಳೆಗಾಲವನ್ನು ಅವು ನಮ್ಮ ದಡದಲ್ಲಿಯೇ ಕಳೆಯುತ್ತವೆ. ಆಗಸ್ಟ್ ತಿಂಗಳಲ್ಲಿ ಹಿರಿಯವು ಹಿಂದಿರುಗತೊಡಗುತ್ತವೆ.

ಬಿರುಗಾಳಿ ಬೀಸಿದ ಮರುದಿನ ತೀರಕ್ಕೆ ಬೇರೆಯೇ ಅತಿಥಿ ಬರುವುದುಂಟು. ಹಣೆಗೆ ಬಿಳಿಯ ಪಟ್ಟಿಯಿರುವ, ಕಪ್ಪು ಬೆನ್ನಿನ, ಕವಲು ಬಾಲದ ರೀವ ಹಕ್ಕಿ, ಆಳಗಡಲಿನದು. ಅಂಥದೊಂದು ಸೋತು ದೋಣಿಯ ಮರೆಯಲ್ಲಿ ಕುಳಿತಿದ್ದುದನ್ನು ಕಂಡಿದ್ದೇನೆ. ನಾಲ್ಕು ಹೆಜ್ಜೆ ದೂರ ನಿಂತರೂ ಹಾರಲಿಲ್ಲ.

ಕಳೆದ ವರ್ಷ ಗಂಗೊಳ್ಳಿಯ ಬಂದರಿಗೆ ಹೋಗಿದ್ದೆ. ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿದ್ದ ಕಾಲ. ಸಾಲಾಗಿ ಕಟ್ಟಿದ ದೋಣಿಗಳ ನಡುವೆ ಬಲೆ ಸರಿಪಡಿಸುತ್ತಿದ್ದವನೊಬ್ಬ ಎದ್ದು ನಮಸ್ಕರಿಸಿದ. ತಲೆ ನರೆತಿತ್ತು, ಮುಖ ಅದೇ. “ನೀನು ಅಂದು ಹೇಳಿದ್ದು ಸರಿಯಪ್ಪ, ತಪ್ಪು ನನ್ನದು” ಎಂದೆ. ಅವನು ಸ್ವಲ್ಪ ಯೋಚಿಸಿ, “ನೀವು ಕೂತುಕೋ ಅಂದದ್ದು ನೆನಪಿದೆ ಸಾರ್, ಏನು ಕೇಳಿದ್ದೆನೋ ಮರೆತಿದೆ” ಎಂದು ನಕ್ಕ. ಹಕ್ಕಿಯ ವಿಷಯ ಹೇಳಿದೆ. ಬಲೆಯಿಂದ ಕೈ ತೆಗೆಯದೆಯೇ, “ಅದು ಬೋಟಿನ ಹಿಂದೆಯೇ ಬರುತ್ತದೆ. ನವೆಂಬರಿಗೆ ಬನ್ನಿ, ಕರೆದುಕೊಂಡು ಹೋಗುತ್ತೇನೆ” ಎಂದ. ಹೋಗಿದ್ದೆ.