ಸೈಕಲ್ಲಿನ ಸೀಟೂ ನಮ್ಮ ಮೊಣಕಾಲೂ
(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮೆಟ್ರಿಕ್ ಪಾಸಾದ ಗಿರಣಿ ಗುಮಾಸ್ತ. ಮೊಣಕಾಲಿನ ವಿಷಯವಾಗಿ ಮಾತನಾಡಲು ನನಗಿರುವ ಅಧಿಕಾರವೆಂದರೆ, ಅದರ ನೋವು ತಿಂದಿದ್ದೇನೆ ಎಂಬುದೊಂದೇ.

ಕಳೆದ ವರ್ಷ ಬಸ್ಸಿನ ಖರ್ಚು ಉಳಿಸಲೆಂದು ಹಳೆಯ ಸೈಕಲ್ಲೊಂದನ್ನು ಕೊಂಡೆ. ಮನೆಯಿಂದ ಗಿರಣಿಗೆ ಆರು ಕಿಲೋಮೀಟರ್. ಮೂರು ವಾರದೊಳಗೆ ಮೊಣಕಾಲ ಚಿಪ್ಪಿನ ಸುತ್ತ ನೋವು ಹತ್ತಿತು. ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು. ಎರಡು ದಿನ ಕೆಲಸ ತಪ್ಪಿತು. ಎರಡು ದಿನದ ಸಂಬಳವೂ ಹೋಯಿತು. “ವಯಸ್ಸಾತು, ಸೈಕಲ್ ಮಾರಿಬಿಡ್ರಿ” ಎಂದಳು ಮನೆಯಾಕೆ. ನನಗಿನ್ನೂ ಮೂವತ್ತನಾಲ್ಕು!

ಮಾರಲೆಂದೇ ರಿಪೇರಿ ಅಂಗಡಿಗೆ ಒಯ್ದೆ. ನಾನು ಸೈಕಲ್ ಏರಿ ಬಂದ ರೀತಿಯನ್ನು ನೋಡಿಯೇ ಮಿಸ್ತ್ರಿ, ಸೀಟು ಬಹಳ ತಗ್ಗಾಗಿದೆ ಎಂದ. ನಿಜ, ನಿಂತಾಗ ಎರಡೂ ಕಾಲು ನೆಲಕ್ಕೆ ಮುಟ್ಟಲೆಂದು ನಾನೇ ಅದನ್ನು ಇಳಿಸಿದ್ದೆ.

ಸೀಟು ತಗ್ಗಿದ್ದರೆ, ಪೆಡಲು ಮೇಲೆ ಬಂದಾಗ ಮೊಣಕಾಲು ಅತಿಯಾಗಿ ಮಡಚುತ್ತದೆ. ಹಾಗೆ ಮಡಚಿದ ಕಾಲಿನಿಂದ ಬಲವಾಗಿ ತುಳಿದರೆ ಚಿಪ್ಪು ತೊಡೆಯ ಎಲುಬಿಗೆ ಬಿಗಿಯಾಗಿ ಒತ್ತುತ್ತದೆ. ನಿಮಿಷಕ್ಕೆ 40 ಸುತ್ತು ತುಳಿದರೂ ಅರ್ಧ ಗಂಟೆಗೆ ಒಂದೊಂದು ಕಾಲಿಗೆ 1,200 ಸಲ ಈ ಒತ್ತು ಬೀಳುತ್ತದೆ. ದಿನವೂ ಲೆಕ್ಕ ಬರೆಯುವ ನನಗೆ ಈ ಲೆಕ್ಕ ಮಾತ್ರ ಹೊಳೆದಿರಲಿಲ್ಲ.

ಎತ್ತರದ ಅಳತೆ ಸುಲಭ. ಗೋಡೆಗೆ ಕೈಯೂರಿ ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಡಿ. ಪೆಡಲು ತೀರ ಕೆಳಗಿದ್ದಾಗ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ತುಳಿಯುವಾಗ ಹಿಮ್ಮಡಿಯ ಬದಲು ಹೆಬ್ಬೆರಳ ಬುಡದ ಭಾಗ ಪೆಡಲಿನ ಮೇಲಿರಲಿ. ಆಗ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ತಾನಾಗಿ ಉಳಿಯುತ್ತದೆ. ಮೊಣಕಾಲಿನ ಮುಂದೆ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂದೆ ನೋವಿದ್ದರೆ ಎತ್ತರ ಎಂದು ತಿಳಿಯಿರಿ. ಒಮ್ಮೆಗೆ ಅರ್ಧ ಬೆರಳಿನಷ್ಟು ಮಾತ್ರ ಬದಲಿಸಿ, ನಾಲ್ಕು ದಿನ ನೋಡಿ. ಸೀಟಿನ ಕೊಳವೆಯ ಮೇಲೆ ಗುರುತಿದ್ದರೆ ಅದನ್ನು ಮೀರಿ ಎತ್ತಬೇಡಿ, ಮುರಿದೀತು.

ಸಿಗ್ನಲ್ಲಿನಲ್ಲಿ ನಿಲ್ಲುವುದು ಹೇಗೆಂದು ಕೇಳುವಿರಿ. ಸೀಟಿನಿಂದ ಮುಂದಕ್ಕೆ ಜಾರಿ, ಸೈಕಲ್ಲನ್ನು ತುಸು ವಾಲಿಸಿ, ಒಂದು ಕಾಲೂರಿ ನಿಲ್ಲಿ. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಚಕ್ರದಲ್ಲಿ ಗಾಳಿ ಕಡಿಮೆಯಿದ್ದರೆ, ಚೈನು ಒಣಗಿದ್ದರೆ, ಬ್ರೇಕು ಉಜ್ಜುತ್ತಿದ್ದರೆ ಆ ಭಾರವೆಲ್ಲ ಮೊಣಕಾಲಿಗೇ. ಗೇರಿಲ್ಲದ ಸೈಕಲ್ಲಿನಲ್ಲಿ ಏರು ಬಂದರೆ ಇಳಿದು ತಳ್ಳಿರಿ; ಅದರಲ್ಲಿ ನಾಚಿಕೆಯಿಲ್ಲ. ಹೊಸದಾಗಿ ತುಳಿಯುವವರು ದೂರವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಿ. ನೋವಿನ ಗುಳಿಗೆ ನುಂಗಿ ತುಳಿಯುವ ಹಟ ಬೇಡ. ಮೊಣಕಾಲು ಊದಿದರೆ, ಸಿಕ್ಕಿಕೊಂಡಂತಾದರೆ, ವಿಶ್ರಾಂತಿಯಿಂದಲೂ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ.

ನನ್ನ ಸೀಟು ಎರಡು ಬೆರಳು ಏರಿತು. ನೋವು ಇಳಿಯಲು ಒಂದು ತಿಂಗಳು ಹಿಡಿಯಿತು. ಸೈಕಲ್ ಮಾರಲಿಲ್ಲ, ಈಗ ಹೊರಗೆ ನಿಂತಿದೆ.

ಊರು ಬಿಟ್ಟು ಬಂದ ನಮಗೆ ಕೈಕಾಲೇ ಬಂಡವಾಳ. ಕೂಟ ಮುಗಿದ ಮೇಲೆ ಬಾಗಿಲ ಬಳಿ ಪಾನಾ ಹಿಡಿದು ನಿಂತಿರುತ್ತೇನೆ. ನಿಮ್ಮ ನಿಮ್ಮ ಸೈಕಲ್ಲುಗಳನ್ನು ತನ್ನಿರಿ, ಸೀಟು ಅಳೆದು ನೋಡೋಣ.