ಒತ್ತಿದವರೆಲ್ಲ ಗಿರಾಕಿಗಳಲ್ಲ

(ಸಂಘದ ರಜತ ಮಹೋತ್ಸವದ ನಿಮಿತ್ತ ಜರುಗಿದ ಸದಸ್ಯರ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ತನಕ ಓದಿ ಕಬ್ಬು ಹಚ್ಚಿದವರು. ಭಾಷಣ ಮಾಡುವ ರೂಢಿ ನಮಗಿಲ್ಲ. ಆದರೂ ಸಂಘದ ರೊಕ್ಕ ಖರ್ಚು ಮಾಡಿ ಒಂದು ಹೊಸ ಕೆಲಸ ಮಾಡಿದ ಮೇಲೆ ಅದರ ಲೆಕ್ಕ ಒಪ್ಪಿಸುವುದು ನಮ್ಮ ಕರ್ತವ್ಯ. ಗೂಗಲ್‌ನಲ್ಲಿ ಸಂಘದ ಬೆಲ್ಲದ ಜಾಹೀರಾತು ಹಾಕಿದ ಕಥೆ, ಅದರಾಗ ನಾವು ತಿಂದ ಪೆಟ್ಟು, ಕಲಿತ ಪಾಠ, ಇಷ್ಟನ್ನೇ ತಮ್ಮ ಮುಂದೆ ಇಡುತ್ತೇವೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಹುಕಾರನ ಬಡ್ಡಿಯಿಂದ ಪಾರಾಗಲಿ ಎಂದು. ಇಂದು ನಮ್ಮ ಕಷ್ಟ ಬೇರೆ. ಮಾಲು ನಮ್ಮದು, ತಿನ್ನುವವರು ಬೆಂಗಳೂರು, ಪುಣೆಯಲ್ಲಿ. ನಡುವೆ ನಾಲ್ಕು ಕೈ. ಮಹಾಲಿಂಗಪುರದ ಪೇಟೆಯಲ್ಲಿ ಪೆಂಟಿ ಸವಾಲಾದಾಗ ಸಿಕ್ಕ ದರಕ್ಕೂ ಪಟ್ಟಣದ ಅಂಗಡಿಯ ದರಕ್ಕೂ ಎಷ್ಟು ಅಂತರ ಎಂಬುದು ಬೆಂಗಳೂರಿನಲ್ಲಿ ಮಕ್ಕಳಿರುವ ಎಲ್ಲರಿಗೂ ಗೊತ್ತು. ಆದ್ದರಿಂದ ಬೆಲ್ಲದ ಪುಡಿಯನ್ನು 5 ಕಿಲೋ ಪ್ಯಾಕೆಟ್ ಮಾಡಿ ನೇರ ಮನೆಗೆ ಕಳಿಸೋಣ ಎಂದು ಠರಾವು ಮಾಡಿದೆವು. ಆಹಾರ ಪರವಾನಿಗೆ ತೆಗೆದುಕೊಂಡೆವು. ಆದರೆ ನಾವು ಇದ್ದೇವೆ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಈ ಜಾಹೀರಾತು.

ಮೊದಲು ಇದು ಏನು ಅಂತ ಹೇಳುತ್ತೇವೆ. ಯಾರೋ ಮೊಬೈಲಿನಲ್ಲಿ "ಬೆಲ್ಲದ ಪುಡಿ ಬೇಕು" ಅಂತ ಹುಡುಕುತ್ತಾರೆ. ಉತ್ತರಗಳ ಜೊತೆಗೆ "ಪ್ರಾಯೋಜಿತ" ಎಂಬ ಗುರುತಿನ ಒಂದೆರಡು ಸಾಲು ಬರುತ್ತವೆ. ಅದು ಜಾಹೀರಾತು. ಅದು ಕಂಡರೆ ನಾವು ರೊಕ್ಕ ಕೊಡಬೇಕಿಲ್ಲ. ಯಾರಾದರೂ ಅದರ ಮೇಲೆ ಒತ್ತಿದರೆ, ಅಂದರೆ ಕ್ಲಿಕ್ ಮಾಡಿದರೆ ಮಾತ್ರ ಕೊಡಬೇಕು. ಈ ಪದ್ಧತಿ 1998ರಲ್ಲಿ ಅಮೆರಿಕೆಯ ಗೋಟೂ ಎಂಬ ಕಂಪನಿಯಿಂದ ರೂಢಿಗೆ ಬಂತು. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ಎಂಬ ಹೆಸರಿನಲ್ಲಿ ಜಾಹೀರಾತು ಸುರು ಮಾಡಿತು, 2018ರಿಂದ ಅದರ ಹೆಸರು ಗೂಗಲ್ ಆಡ್ಸ್.

ಇದೂ ಒಂದು ಸವಾಲೇ. ಒಂದೇ ಶಬ್ದಕ್ಕೆ ಹತ್ತು ಮಂದಿ ಅಂಗಡಿಯವರು ಕೂಗುತ್ತಾರೆ. ಆದರೆ ಪೇಟೆಯ ಸವಾಲಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇಲ್ಲಿ ಹೆಚ್ಚು ಕೂಗಿದವನೇ ಗೆಲ್ಲುತ್ತಾನೆ ಅಂತಿಲ್ಲ. ಹುಡುಕಿದ ಮಾತಿಗೂ ನಮ್ಮ ಜಾಹೀರಾತಿಗೂ ಹೊಂದಿಕೆ ಇದೆಯೇ, ಒತ್ತಿದ ಮೇಲೆ ತೆರೆಯುವ ಪುಟದಲ್ಲಿ ಅದೇ ವಸ್ತು ಇದೆಯೇ, ಇದನ್ನೂ ನೋಡಿ ಜಾಗ ಕೊಡುತ್ತಾರೆ. ನಮ್ಮ ಒಂದೊಂದು ಶಬ್ದಕ್ಕೆ 1ರಿಂದ 10ರ ತನಕ ಗುಣಾಂಕ ತೋರಿಸುತ್ತಾರೆ. ಗುಣ ಚೆನ್ನಾಗಿದ್ದರೆ ಕಡಿಮೆ ಕೂಗಿದರೂ ಮೇಲಿನ ಜಾಗ ಸಿಗಬಹುದು. ಸಣ್ಣ ಸಂಘಕ್ಕೆ ಇದೊಂದು ಆಸರೆ.

ಇಷ್ಟು ತಿಳಿದಾಗ ನಮಗೆ ಬಹಳ ಹುರುಪು ಬಂತು. ದಿನಕ್ಕೆ 200 ರೂಪಾಯಿ ಅಂತ ಹಾಕಿ, "ಬೆಲ್ಲ", "ಮುಧೋಳ", "ಜಮಖಂಡಿ" ಎಂಬ ಶಬ್ದ ಬರೆದು, ಉಳಿದದ್ದನ್ನೆಲ್ಲ ಇದ್ದಂಗ ಬಿಟ್ಟು ಗುಂಡಿ ಒತ್ತಿದೆವು. ಸಂಘದ ಹೆಸರು ಗೂಗಲ್‌ನಲ್ಲಿ ಬಂತು ಅಂತ ನಮ್ಮ ಊರಿನ ಹುಡುಗರೂ ಒತ್ತಿ ಒತ್ತಿ ನೋಡಿದರು. ನಮ್ಮ ರೊಕ್ಕ ಅವರ ಬೆರಳಿನಾಗ ಹೊಂಟಿತು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ತಿಂಗಳ ಕೊನೆಗೆ ಆಡಳಿತ ಮಂಡಳಿ ಸಭೆಯಲ್ಲಿ ನಾವು ಅಭಿಮಾನದಿಂದ ಹೇಳಿದೆವು, 700 ಕ್ಲಿಕ್ ಬಂದಾವು ಅಂತ. ಖರ್ಚು ತೆರಿಗೆ ಸೇರಿ 5,600 ರೂಪಾಯಿ. ಆರ್ಡರ್ ಬಂದದ್ದು 11. ಆಗ ನಮ್ಮ ಹಿರಿಯ ನಿರ್ದೇಶಕರೊಬ್ಬರು ಕನ್ನಡಕ ತೆಗೆದು ಕೇಳಿದರು:

"ತಮ್ಮಾ, 700 ಮಂದಿ ಅಂಗಡಿ ಬಾಗಿಲಿಗೆ ಬಂದರು ಅಂತೀ. ಬೆಲ್ಲ ಒಯ್ದವರು ಹನ್ನೊಂದು ಮಂದಿ. ಉಳಿದವರು ಏನು ಕೇಳಾಕ ಬಂದಿದ್ರು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಂದೊಂದು ಆರ್ಡರಿಗೆ 509 ರೂಪಾಯಿ ಬಿದ್ದಿತ್ತು. ಒಂದು ಪ್ಯಾಕೆಟ್ಟಿನಲ್ಲಿ ಬೆಲ್ಲದ ದರ, ಚೀಲ, ಕೊರಿಯರ್ ಎಲ್ಲ ಕಳೆದು ಸಂಘಕ್ಕೆ ಉಳಿಯುವುದು 120 ರೂಪಾಯಿ. ಅದು ಸದಸ್ಯರ ಷೇರಿನ ರೊಕ್ಕ, ನಮ್ಮ ಮನೆಯದ್ದಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಪೇಟೆಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗನೊಬ್ಬನನ್ನು ಕೂಡಿಸಿಕೊಂಡು "ಹುಡುಕಿದ ಶಬ್ದಗಳ ವರದಿ" ಎಂಬುದನ್ನು ತೆಗೆದೆವು. ಮಂದಿ ಏನು ಬರೆದು ಹುಡುಕಿದಾಗ ನಮ್ಮ ಜಾಹೀರಾತಿನ ಮೇಲೆ ಒತ್ತಿದರು ಎಂಬುದು ಅದರಲ್ಲಿ ಬಹುಮಟ್ಟಿಗೆ ಸಿಗುತ್ತದೆ. ನೋಡಿದರೆ ಏನು? "ಮುಧೋಳ ನಾಯಿ ಮರಿ ಬೆಲೆ", "ಮುಧೋಳ ಹೌಂಡ್ ಎಲ್ಲಿ ಸಿಗುತ್ತದೆ"! ಮುಧೋಳದ ಬೇಟೆನಾಯಿ ದೇಶಕ್ಕೆಲ್ಲ ಹೆಸರಾದದ್ದು, ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವೇ ಇದೆ. ನಾಯಿ ಹುಡುಕಿದವರಿಗೆ ನಾವು ಬೆಲ್ಲ ತೋರಿಸಿದ್ದೆವು. ಇನ್ನು ಕೆಲವರು "ಇಂದಿನ ಬೆಲ್ಲದ ದರ" ಹುಡುಕಿದವರು, ಅವರೂ ನಮ್ಮಂಥ ರೈತರೇ. ಮತ್ತೆ ಕೆಲವರು ಬೆಲ್ಲದ ಹೋಳಿಗೆ ಮಾಡುವುದು ಹೇಗೆ ಅಂತ ನೋಡಾಕ ಬಂದವರು. ಜಮಖಂಡಿಗೆ ಬಸ್ ಎಷ್ಟು ಗಂಟೆಗೆ ಅಂತ ಹುಡುಕಿದವರೂ ಇದ್ದರು. ಯಾರದೂ ತಪ್ಪಿಲ್ಲ. ಓದದೆ ಗುಂಡಿ ಒತ್ತಿದ್ದು ನಮ್ಮ ತಪ್ಪು. ಒಡ್ಡು ಕಟ್ಟದೆ ನೀರು ಬಿಟ್ಟರೆ ಹಳ್ಳಕ್ಕೆ ಹರಿಯದೆ ಏನಾದೀತು?

ಆಮೇಲೆ ಒಂದೊಂದೇ ಒಡ್ಡು ಕಟ್ಟಿದೆವು. ಇಲ್ಲಿ ಕುಳಿತ ಯುವಕರು, ರಬಕವಿ-ಬನಹಟ್ಟಿಯಿಂದ ಬಂದ ನೇಕಾರ ಬಂಧುಗಳು ಇದನ್ನು ಬರೆದುಕೊಳ್ಳಬೇಕು.

ಒಂದು, ಶಬ್ದ ಬಿಗಿಯಾಗಿರಲಿ. ಬರೀ "ಬೆಲ್ಲ" ಅಂತ ಬಿಟ್ಟರೆ ಅದಕ್ಕೆ ಸಂಬಂಧವಿದೆ ಅನಿಸಿದ ಎಲ್ಲ ಹುಡುಕಾಟಕ್ಕೂ ಜಾಹೀರಾತು ಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಬರೆದರೆ ಆ ಅರ್ಥ ಇರುವ ಹುಡುಕಾಟಕ್ಕೆ, ಚೌಕ ಕಂಸದೊಳಗೆ ಬರೆದರೆ ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ. ನಾವು "ಬೆಲ್ಲದ ಪುಡಿ 5 ಕಿಲೋ", "ಮುಧೋಳ ಬೆಲ್ಲ ಖರೀದಿ" ಹೀಂಗ ಕೊಳ್ಳುವವರ ಬಾಯಲ್ಲಿ ಬರುವ ಮಾತು ಹಾಕಿದೆವು. ನೇಕಾರರು "ಸೀರೆ" ಅಂತ ಒಂದೇ ಶಬ್ದ ಹಾಕಿದರೆ ದೇಶದ ದೊಡ್ಡ ದೊಡ್ಡ ಅಂಗಡಿಗಳ ಎದುರು ಸವಾಲಿಗೆ ನಿಂತಂಗ. ನೂಲು, ದಡಿ, ಬಣ್ಣ, ಊರು ಸೇರಿಸಿ ಬರೆಯಿರಿ.

ಎರಡು, ಬೇಡದ ಶಬ್ದಗಳ ಪಟ್ಟಿ. ನಾಯಿ, ಮರಿ, ಹೌಂಡ್, ದರ, ಬಸ್, ನೌಕರಿ, ಮಾಡುವ ವಿಧಾನ. ಈ ಶಬ್ದ ಬಂದರೆ ನಮ್ಮ ಜಾಹೀರಾತು ತೋರಿಸಬ್ಯಾಡ ಅಂತ ಹೇಳುವ ಅನುಕೂಲ ಇದೆ. ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗೆ ತಾನಾಗಿ ಹತ್ತುವುದಿಲ್ಲ, ಎರಡರಲ್ಲೂ ಬರೆಯಬೇಕು.

ಮೂರು, ಊರು ಮತ್ತು ಹೊತ್ತು. ಬೆಂಗಳೂರು, ಹುಬ್ಬಳ್ಳಿ, ಪುಣೆ ಇಷ್ಟೇ ಇಟ್ಟೆವು. "ಆ ಊರಿನಲ್ಲಿ ಇರುವವರು ಮಾತ್ರ" ಎಂಬುದನ್ನು ಆರಿಸಬೇಕು, ಇಲ್ಲವಾದರೆ ಆ ಊರಿನ ಬಗ್ಗೆ ಆಸಕ್ತಿ ಇದ್ದವರಿಗೂ ಹೋಗುತ್ತದೆ. ಫೋನು ಎತ್ತಲು ಗುಮಾಸ್ತರು ಇರುವ ಹೊತ್ತಿನಲ್ಲಿ ಮಾತ್ರ ಓಡಿಸಬೇಕು. ಮಾಲು ತೀರಿದ ದಿನವೇ ನಿಲ್ಲಿಸಬೇಕು. ನಮ್ಮ ಜಾಹೀರಾತು ಹೇಗೆ ಕಾಣುತ್ತದೆ ಅಂತ ನೋಡಲು ಒತ್ತುವುದು ಬೇಡ, ಖಾತೆಯೊಳಗೇ ಮುನ್ನೋಟದ ಸೌಲಭ್ಯ ಇದೆ.

ನಾಲ್ಕು, ರೊಕ್ಕದ ಮಿತಿ. ದಿನಕ್ಕೆ 200 ಅಂದರೆ ಪ್ರತಿದಿನ 200 ಅಂತಲ್ಲ. ಒಂದು ದಿನ 400ರ ತನಕ ಹೋಗಬಹುದು. ತಿಂಗಳಿಗೆ ಮಾತ್ರ 30.4 ಪಟ್ಟು, ಅಂದರೆ 6,080 ಮೀರುವುದಿಲ್ಲ. ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಬೇರೆ.

ಐದು, ಸುಳ್ಳು ಬರೆಯಬಾರದು. ಶೀರ್ಷಿಕೆ ಒಂದಕ್ಕೆ 30 ಅಕ್ಷರ, ವಿವರಣೆಗೆ 90. ಅಷ್ಟು ಸಣ್ಣ ಜಾಗದಲ್ಲಿ ದೊಡ್ಡ ಮಾತು ಹೇಳುವ ಆಸೆ ಬರುತ್ತದೆ. ಪ್ರಮಾಣಪತ್ರ ಇಲ್ಲದೆ "ಸಾವಯವ" ಅನ್ನುವಂತಿಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಅನ್ನುವುದು ಶುದ್ಧ ಸುಳ್ಳು. ಕೊಲ್ಹಾಪುರದ ಹೆಸರು ನಮಗೆ ಬೇಕಾಗಿಲ್ಲ, ಆ ಬೆಲ್ಲಕ್ಕೆ ಅದರದೇ ಭೌಗೋಳಿಕ ಗುರುತು ಇದೆ. ನಾವು ಬರೆದದ್ದು ಇಷ್ಟೇ: "ಹೈಡ್ರೋಸ್ ಹಾಕದ ಕಂದು ಬೆಲ್ಲ, ರೈತರ ಸಂಘದಿಂದ." ಕೆಸರು ತೆಗೆಯಲು ಬೆಂಡಿ ಗಿಡದ ಲೋಳೆ ಹಾಕುವ ಗಾಣದ ಮಾಲನ್ನೇ ನಾವು ಕೊಳ್ಳುತ್ತೇವೆ. ಆದ್ದರಿಂದ ಆ ಮಾತು ಧೈರ್ಯದಿಂದ ಬರೆದೆವು. ಬಿಳಿ ಬೆಲ್ಲವೇ ಬೇಕೆನ್ನುವವರು ಒತ್ತದೆ ಮುಂದೆ ಹೋಗುತ್ತಾರೆ, ಅದೂ ಉಳಿತಾಯವೇ.

ಮೂರನೆಯ ತಿಂಗಳು 210 ಕ್ಲಿಕ್ ಬಂದವು. ಕ್ಲಿಕ್ಕಿಗೆ ತೆರಿಗೆ ಸೇರಿ 9 ರೂಪಾಯಿಯಂತೆ 1,890 ಖರ್ಚು. ಕ್ಲಿಕ್ಕಿನ ದರ 8ರಿಂದ 9ಕ್ಕೆ ಏರಿತು ಅಂತ ಗಾಬರಿಯಾಗಬ್ಯಾಡ್ರಿ. ಆರ್ಡರ್ 23 ಬಂದವು. ಒಂದು ಆರ್ಡರಿಗೆ ಬಿದ್ದದ್ದು 82 ರೂಪಾಯಿ. 120ರಲ್ಲಿ 38 ಉಳಿಯಿತು. ಅಂದರೆ ಕ್ಲಿಕ್ಕಿನ ದರ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಒಂದು ಆರ್ಡರಿಗೆ ಎಷ್ಟು ಬಿತ್ತು, ಅದರಲ್ಲಿ ನಮಗೆ ಎಷ್ಟು ಉಳಿಯಿತು, ಇದೊಂದೇ ಲೆಕ್ಕ. ಈ ಲೆಕ್ಕ ಸಿಗಲಿ ಅಂತ ಜಾಹೀರಾತಿಗೆ ಬೇರೆ ಫೋನ್ ನಂಬರು ಇಟ್ಟು, ಬಂದ ಆರ್ಡರ್ ಬರೆಯಲು ಬೇರೆ ವಹಿ ಇಟ್ಟಿದ್ದೇವೆ.

38 ರೂಪಾಯಿಗೆ ಇಷ್ಟು ಗದ್ದಲವೇ ಅಂತ ಕೇಳಬಹುದು. ನಿಜ, ಇದರಿಂದ ಮಹಾಲಿಂಗಪುರದ ಪೇಟೆ ಬಿಡುವಂತಿಲ್ಲ, ನಮ್ಮ ಮಾಲಿನ ಬಹುಪಾಲು ಇಂದಿಗೂ ಅಲ್ಲಿಯೇ ಹೋಗುತ್ತದೆ. ಆದರೆ ಆ 23 ಮನೆಗಳಲ್ಲಿ 9 ಮನೆಯವರು ಮುಂದೆ ನೇರ ಫೋನು ಮಾಡಿ ಮತ್ತೆ ತರಿಸಿಕೊಂಡರು. ಎರಡನೆಯ ಸಲಕ್ಕೆ ಕ್ಲಿಕ್ಕಿನ ಖರ್ಚಿಲ್ಲ, 120ಕ್ಕೆ 120 ಸಂಘಕ್ಕೆ. ಜಾಹೀರಾತು ಗಿರಾಕಿಯನ್ನು ಒಮ್ಮೆ ಬಾಗಿಲಿಗೆ ತರುತ್ತದೆ. ಮತ್ತೆ ಕರೆತರುವುದು ಬೆಲ್ಲ. ಮಳೆಗಾಲದಲ್ಲಿ ಒಬ್ಬರಿಗೆ ಪುಡಿ ಬೆವೆತು ಗಟ್ಟಿಯಾಗಿ ಹೋಯಿತು. ಮಾತಾಡದೆ ಬೇರೆ ಪ್ಯಾಕೆಟ್ ಕಳಿಸಿದೆವು, ಚೀಲ ದಪ್ಪ ಮಾಡಿದೆವು.

1989ರಲ್ಲಿ ನಮ್ಮ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ತಾವೇ ರೊಕ್ಕ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಅಂಥ ನೆಲದವರು ನಾವು. ಹೊಸದಕ್ಕೆ ಹೆದರುವುದು ಬೇಡ. ಆದರೆ ಹನಿ ಹನಿ ಕೂಡಿಸಿದ ರೊಕ್ಕ ಹನಿಹನಿಯಾಗಿಯೇ ಸೋರಿಹೋಗುತ್ತದೆ ಎಂಬ ಎಚ್ಚರ ಇರಲಿ. ಸಂಘದ ಕೀರ್ದಿ ದಿನಾ ನೋಡಿದಂತೆ ಆ ಹುಡುಕಿದ ಶಬ್ದಗಳ ವರದಿಯನ್ನೂ ವಾರಕ್ಕೊಮ್ಮೆಯಾದರೂ ನೋಡಬೇಕು. ನೋಡುವಾಗ ನಮ್ಮ ಹಿರಿಯರ ಪ್ರಶ್ನೆ ಕಿವಿಯಲ್ಲಿರಬೇಕು: "ಉಳಿದವರು ಏನು ಕೇಳಾಕ ಬಂದಿದ್ರು?"

ಮೊದಲ ತಿಂಗಳ ನಷ್ಟವನ್ನು ಸರ್ವಸಾಧಾರಣ ಸಭೆಯಲ್ಲಿ ಮುಚ್ಚಿಡದೆ ಓದಿ ಹೇಳಿದಾಗ ತಾವು ಬೈಯದೆ, "ಇನ್ನೆರಡು ತಿಂಗಳು ನೋಡ್ರಿ" ಅಂದಿರಿ. ಆ ವಿಶ್ವಾಸಕ್ಕೆ ನಾವು ಋಣಿ.