ಪವರ್ ಸ್ಟೀರಿಂಗ್ ಕಳಚಿದ ಹಳೆಯ ವ್ಯಾನು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ತರಕಾರಿ, ಹಾಲು ಸಾಗಿಸಲು ಹಳೆಯ ವ್ಯಾನು ಇಟ್ಟುಕೊಂಡವರು ನಿಮ್ಮಲ್ಲಿ ಹಲವರಿದ್ದೀರಿ. ಪವರ್ ಸ್ಟೀರಿಂಗಿನ ಪಂಪು ಸೋರತೊಡಗಿದರೆ, "ಬೆಲ್ಟು ತೆಗೆದು ಓಡಿಸಿ, ಸ್ವಲ್ಪ ಬಿಗಿಯಾಗುತ್ತದೆ ಅಷ್ಟೆ" ಎಂಬ ಸಲಹೆ ಸಿಗುತ್ತದೆ. ಆ ಸಲಹೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನೋಡೋಣ.

ಎಂಜಿನ್ನು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪು ಒತ್ತಡದಿಂದ ಕಳಿಸುವ ಎಣ್ಣೆ ನಿಮ್ಮ ತೋಳಿಗೆ ನೆರವಾಗುತ್ತದೆ. ಪಂಪು ನಿಂತರೂ ಸ್ಟೀರಿಂಗಿಗೂ ಚಕ್ರಕ್ಕೂ ಉಕ್ಕಿನ ಜೋಡಣೆ ಇರುವುದರಿಂದ ವ್ಯಾನು ತಿರುಗುತ್ತದೆ. ಆದರೆ ಇದು ಸಾದಾ ಸ್ಟೀರಿಂಗಿಗಿಂತಲೂ ಬಿಗಿ. ಸಾದಾ ಸ್ಟೀರಿಂಗನ್ನು ಹೆಚ್ಚು ಸುತ್ತು ತಿರುಗಿಸಬೇಕಾದರೂ ಬಲ ಕಡಿಮೆ ಸಾಕು. ಇಲ್ಲಿ ಸುತ್ತು ಕಡಿಮೆ, ಬಲ ಹೆಚ್ಚು. ಒಳಗೆ ಉಳಿದ ಎಣ್ಣೆಯನ್ನೂ ನೀವೇ ತಳ್ಳಬೇಕು.

ಖಾಲಿ ವ್ಯಾನು ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಈ ಭಾರ ಅಷ್ಟಾಗಿ ತಿಳಿಯುವುದಿಲ್ಲ. ಮೋಸ ಇರುವುದೇ ಇಲ್ಲಿ. ಹೇರು ತುಂಬಿ ಸಂತೆಯ ಸಂದಿಯಲ್ಲಿ ನಿಧಾನವಾಗಿ ಹೋಗುವಾಗ ಮಗುವೊಂದು ಅಡ್ಡ ಬಂದರೆ, ಸಮಯಕ್ಕೆ ಸರಿಯಾಗಿ ತಿರುಗಿಸಲು ತೋಳು ಸಾಲದೆ ಹೋಗಬಹುದು.

ಇನ್ನೊಂದು ಮಾತು. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಅದನ್ನು ಕಿತ್ತರೆ ಎಂಜಿನ್ನು ಕಾದು ಹಾಳಾಗುತ್ತದೆ. ಹಾಗೆಂದು ಎಣ್ಣೆ ಬತ್ತಿದ ಪಂಪನ್ನು ಓಡಲು ಬಿಟ್ಟರೆ ಪಂಪೇ ಸವೆದುಹೋಗುತ್ತದೆ. ಸೋರಿದ ಎಣ್ಣೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಬೆಂಕಿಯ ಭಯವೂ ಉಂಟು.

ವರ್ಕ್‌ಶಾಪಿನವರೆಗೆ ಓಡಿಸಲೇಬೇಕಾದರೆ ಹೀಗೆ ಮಾಡಿ:

1. ಹೇರು ಇಳಿಸಿ, ಮುಂದಿನ ಟೈರುಗಳ ಗಾಳಿ ಸರಿಯಾಗಿದೆಯೇ ನೋಡಿ. ಗಾಳಿ ಕಡಿಮೆಯಾದಷ್ಟೂ ಸ್ಟೀರಿಂಗ್ ಭಾರ.

2. ನಿಂತಲ್ಲೇ ತಿರುಗಿಸಬೇಡಿ. ಚಕ್ರ ಉರುಳತೊಡಗಿದ ಮೇಲೆ ತಿರುಗಿಸಿ.

3. ತಿರುವಿಗೆ ಮುಂಚೆಯೇ ವೇಗ ಇಳಿಸಿ. ಎರಡೂ ಕೈ ಸ್ಟೀರಿಂಗಿನ ಮೇಲಿರಲಿ. ಹೆಬ್ಬೆರಳು ಒಳಗೆ ಸಿಕ್ಕಿಸಬೇಡಿ. ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಜಾಡಿಸುತ್ತದೆ.

4. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಬೇಡಿ. ಬ್ರೇಕಿನ ನೆರವೂ ಹೋಗುತ್ತದೆ. ಗಾಡಿ ಸುಸ್ಥಿತಿಯಲ್ಲಿದ್ದರೂ ಈ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ, ವ್ಯಾನಿನ ಈ ಲೆಕ್ಕವನ್ನು ಟ್ರಾಕ್ಟರಿಗೆ ಹಾಕಬೇಡಿ. ಪವರ್ ಸ್ಟೀರಿಂಗಿನ ಹಲವು ಟ್ರಾಕ್ಟರುಗಳಲ್ಲಿ ಸ್ಟೀರಿಂಗಿನಿಂದ ಚಕ್ರಕ್ಕೆ ಉಕ್ಕಿನ ಜೋಡಣೆಯೇ ಇಲ್ಲ. ಇರುವುದು ಎಣ್ಣೆಯ ಕೊಳವೆ ಮಾತ್ರ. ಕೊಳವೆ ಕಳಚಿದರೆ ಸ್ಟೀರಿಂಗ್ ಸುತ್ತುತ್ತದೆ, ಚಕ್ರ ತಿರುಗುವುದಿಲ್ಲ. ಅಂಥ ಟ್ರಾಕ್ಟರನ್ನು ನಿಂತಲ್ಲೇ ದುರಸ್ತಿ ಮಾಡಿಸಿ.

ಬೆಲ್ಟು ಕಳಚಿದ ವ್ಯಾನು ವರ್ಕ್‌ಶಾಪಿನವರೆಗೆ ಹೋಗಲಿ, ಸಂತೆಗೆ ಬೇಡ.